ದೀಪ ದೊಡ್ಡದು ಮಾಡು ಎಂದರೆ

ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ತಾನಾಗಿಯೇ ಗೋಡೆಯ ಗುಂಡಿಯ ಕಡೆಗೆ ಹೋಗಿಬಿಡುತ್ತದೆ. ಇದು ನಮ್ಮ ಮನೆಗಷ್ಟೇ ಇದ್ದಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಆದರೆ ಬೀಗರ ಮನೆ, ಬ್ಯಾಂಕು, ಕಲ್ಯಾಣ ಮಂಟಪ ಯಾವುದೂ ನನ್ನ ಕೈಗೆ ಪರಸ್ಥಳವಲ್ಲ. ಒಮ್ಮೆ ಮುದ್ದೇಬಿಹಾಳದಲ್ಲಿ ಒಂದು ಮದುವೆಗೆ ಹೋಗಿದ್ದೆ. ಕೈ ತೊಳೆಯುವ ಜಾಗದ ಪಕ್ಕದ ಬಾಗಿಲ ಸಂದಿಯಲ್ಲಿ ಬೆಳಕು ಸುಮ್ಮನೆ ಸೋರುತ್ತಿತ್ತು. ಆರಿಸಿ ಬಂದೆ. ಒಳಗೆ ವರನ ಸೋದರಮಾವ ಸ್ನಾನ ಮಾಡುತ್ತಿದ್ದರು. ಮುಖಕ್ಕೆಲ್ಲ ಸಾಬೂನು ಹಚ್ಚಿಕೊಂಡಿದ್ದ ಅವರು ಕತ್ತಲಲ್ಲಿ ಹಾಕಿದ ಕೂಗಿಗೆ, ಅಕ್ಷತೆಯ ಹೊತ್ತಾಯಿತೆಂದು ತಿಳಿದು ವಾಲಗದವರು ಜೋರಾಗಿ ಊದಿಬಿಟ್ಟರು. ಹಿಂದಿನ ಸಾಲಿನವರು ಅಕ್ಕಿ ತೂರಿ ಊಟಕ್ಕೆ ಎದ್ದರು. ಆ ಜೋಡಿಗೆ ಅವತ್ತು ಎರಡು ಸಲ ಅಕ್ಷತೆ ಬಿತ್ತು. ಈಗಲೂ ಚೆನ್ನಾಗಿಯೇ ಇದ್ದಾರೆ, ಆದ್ದರಿಂದ ನನಗೆ ಪಶ್ಚಾತ್ತಾಪವಿಲ್ಲ.

ನಾನು ದವಾಖಾನೆಯಲ್ಲಿ ಸಿಸ್ಟರ್ ಆಗಿದ್ದವಳು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಕೊನೆಗೆ ಸಿಂದಗಿ ಎಂದು ತಿರುಗಿ, ಸಿಂದಗಿಯಲ್ಲೇ ನಿವೃತ್ತಳಾದೆ. ನೌಕರಿ ಬಿಟ್ಟಿತು, ಅದರ ಶಿಸ್ತು ಬಿಡಲಿಲ್ಲ. ಬೆಳಿಗ್ಗೆ ಹಾಸಿಗೆಯ ಮೂಲೆಗಳು ಚೂಪಾಗಿ ಮಡಿಸಿರಬೇಕು. ಔಷಧಿಯ ಡಬ್ಬಿ ಔಷಧಿಯ ಜಾಗದಲ್ಲಿ, ಚಹಾದ ಡಬ್ಬಿ ಚಹಾದ ಜಾಗದಲ್ಲಿ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ವಸ್ತುವೂ ಬರಿಮೈಯಲ್ಲಿ ಇರಬಾರದು. ವಾರ್ಡಿನಲ್ಲಿ ಟ್ರೇ ಮುಚ್ಚಿಟ್ಟು ಮುಚ್ಚಿಟ್ಟು ಬಂದ ರೂಢಿ ಇದು. ನಮ್ಮ ಮನೆಯಲ್ಲಿ ಮಿಕ್ಸರಿಗೆ ಹೊದಿಕೆ ಇದೆ, ಟೀವಿಗೆ ಇದೆ, ನೀರಿನ ಫಿಲ್ಟರಿಗೆ ಇದೆ, ಹೊದಿಕೆಗಳನ್ನು ಇಡುವ ಪೆಟ್ಟಿಗೆಗೂ ಒಂದು ಹೊದಿಕೆ ಇದೆ. ನಮ್ಮ ಮನೆಯವರು ಯಂಕಂಚಿಯ ಹೊಲದಿಂದ ಬಂದು ಕುರ್ಚಿಯಲ್ಲಿ ನಿದ್ದೆ ಹೋದರೆ, "ನಾ ಇನ್ನೂ ಬದಕೇನಿ, ಮಾರಿ ಮ್ಯಾಲ ಹೊದಿಸಬ್ಯಾಡ" ಎಂದು ಹೇಳಿಯೇ ಕಣ್ಣು ಮುಚ್ಚುತ್ತಾರೆ. ಹೀಗಿರುವಾಗ ನಿವೃತ್ತಿಯ ನಂತರ ನಾನು ಒಂದು ಕಾರು ತೆಗೆದುಕೊಂಡೆ. ಬೇರೊಬ್ಬರು ಓಡಿಸಿ ಬಿಟ್ಟಿದ್ದು, ಆದರೂ ನನಗೆ ಹೊಸದು. ಅದರ ಮುಂದಿನ ಗಾಜಿನ ಕೆಳಗೆ ಕರ್ರಗೆ ಬೋಳಾಗಿ ಬಿದ್ದಿದ್ದ ಹಲಗೆಯನ್ನು ನೋಡಿ ನನಗೆ ತಡೆಯಲಾಗಲಿಲ್ಲ. ದಪ್ಪ ಬಟ್ಟೆಯ ಮೇಲೆ ಗೋಪುರ, ತುಳಸಿಕಟ್ಟೆ, ಆನೆ, ನವಿಲುಗಳ ಕಸೂತಿ ಹಾಕಿ, ಗಂಜಿ ಕೊಟ್ಟು, ಇಸ್ತ್ರಿ ಮಾಡಿ, ಈ ತುದಿಯಿಂದ ಆ ತುದಿಯವರೆಗೆ ಹಾಸಿದೆ. ನೋಡಿದವರೆಲ್ಲ ಹೊಗಳಿದರು.

ಈಗಿನ ಗಾಡಿಗಳಿಗೆ ಬುದ್ಧಿ ಬಹಳ. ನಾನು ಓಡಿಸಲು ಕಲಿತ ಕಾಲದಲ್ಲಿ ಗಾಡಿ ಹೇಳಿದ್ದನ್ನಷ್ಟೇ ಮಾಡುತ್ತಿತ್ತು. ಇದು ಹೇಳದೆ ಇರುವುದನ್ನೂ ಮಾಡುತ್ತದೆ. ಸ್ವಲ್ಪ ವೇಗ ಬಂದರೆ ಬಾಗಿಲುಗಳಿಗೆ ತಾನೇ ಚಿಲಕ ಹಾಕುತ್ತದೆ. ಹಿಂದಕ್ಕೆ ಹೋಗುವಾಗ ಗೋಡೆ ಹತ್ತಿರ ಬಂತೆಂದು ಅಳುತ್ತದೆ. ಪಕ್ಕದ ಸೀಟಿನಲ್ಲಿ ಕೂತವರು ಬೆಲ್ಟ್ ಹಾಕದಿದ್ದರೆ ಟಿಣ್ ಟಿಣ್ ಎಂದು ಜೀವ ತಿನ್ನುತ್ತದೆ. ಈ ಕೊನೆಯದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಬೆಲ್ಟ್ ಹಾಕದೆ ಬಂದವರ ತಲೆಗೆ ಹೊಲಿಗೆ ಹಾಕುವಾಗ ಎಷ್ಟು ಸಲ ಕೈಹಿಡಿದು ಕೂತಿದ್ದೇನೆ. ಆದರೆ ಯಂಕಂಚಿಯಿಂದ ತಂದ ಜೋಳದ ಚೀಲವನ್ನು ಆ ಸೀಟಿನ ಮೇಲೆ ಇಟ್ಟಾಗಲೂ ಅದು ಬಿಡಲಿಲ್ಲ. ಟಿಣ್ ಟಿಣ್ ತಾಳಲಾರದೆ ಚೀಲಕ್ಕೆ ಬೆಲ್ಟ್ ಹಾಕಿದೆ. ಸಿಂದಗಿಯ ಬಜಾರದಲ್ಲಿ ಹಾಯ್ದು ಬರುವಾಗ ಕಿರಾಣಿ ಅಂಗಡಿಯವರು ಬಗ್ಗಿ ನೋಡಿ, "ಸಿಸ್ಟರ್ ಬಾಯಾರ, ಪೇಷಂಟ್ ಗಟ್ಟಿ ಇದ್ದಾರೇನ್ರಿ?" ಎಂದರು.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ದೀಪ. ನಡು ಮಧ್ಯಾಹ್ನ, ನಮ್ಮ ಕಡೆಯ ಬಿಸಿಲು, ರಸ್ತೆಯ ಡಾಂಬರು ಮೆತ್ತಗಾಗುವ ಹೊತ್ತು. ಗಾಡಿ ಚಾಲೂ ಮಾಡಿದೊಡನೆ ಮುಂದಿನ ಎರಡೂ ದೀಪಗಳು ಭಗ್ಗನೆ ಹತ್ತಿಕೊಳ್ಳುತ್ತಿದ್ದವು. ದೀಪದ ಹಿಡಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅದರಲ್ಲಿ 'ಬಂದ್' ಎಂಬ ಗುರುತೇ ಇಲ್ಲ. ಒಂದು ಗುರುತು ಸಣ್ಣ ದೀಪಕ್ಕೆ, ಅದೂ ಉರಿಯುವುದೇ, ಒಂದು ದೊಡ್ಡ ದೀಪಕ್ಕೆ, ಇನ್ನೊಂದು 'ಆಟೋ', ಅಂದರೆ ಗಾಡಿಯ ಮನಸ್ಸಿಗೆ ಬಂದ ಹಾಗೆ. ಆಟೋಕ್ಕೆ ಇಟ್ಟರೂ ಅದರ ಮನಸ್ಸಿಗೆ ಹಗಲೂ ರಾತ್ರಿ ದೀಪವೇ ಬರುತ್ತಿತ್ತು. ಉರಿಯುವ ಅಗತ್ಯವಿಲ್ಲದ ದೀಪವನ್ನು ಕಂಡವರ ಮನೆಯಲ್ಲೂ ಬಿಡದ ನಾನು, ಎರಡೆರಡು ದೀಪಗಳನ್ನು ನನ್ನ ಮುಂದೆಯೇ ಉರಿಸಿಕೊಂಡು ಊರೆಲ್ಲ ಮೆರವಣಿಗೆ ಹೋಗಬೇಕಾಯಿತು.

ನಮ್ಮ ಮಂದಿಯ ಪರೋಪಕಾರ ನಿಮಗೆ ಗೊತ್ತೇ ಇದೆ. ಹಗಲಲ್ಲಿ ಯಾರದಾದರೂ ಗಾಡಿಯ ದೀಪ ಉರಿಯುತ್ತಿದ್ದರೆ, ಎದುರು ಬರುವವರು ಕೈ ಎತ್ತಿ ಐದೂ ಬೆರಳನ್ನು ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ ತೋರಿಸುತ್ತಾರೆ. ಮೋರಟಗಿಯ ಕಡೆಗೆ ಒಂದು ಸಲ ಹೋಗಿ ಬರುವುದರೊಳಗೆ ನನಗೆ ಕೈ ಮಾಡದವರು ಯಾರೂ ಉಳಿಯಲಿಲ್ಲ. ಟ್ರ್ಯಾಕ್ಟರಿನವರು ಮಾಡಿದರು, ಬಸ್ಸಿನ ಕಂಡಕ್ಟರು ಕಿಟಕಿಯಿಂದ ಮಾಡಿದರು, ಕುರಿ ಕಾಯುವವರು ದೂರದ ಬದುವಿನ ಮೇಲೆ ನಿಂತು ಎರಡೂ ಕೈಯಿಂದ ಮಾಡಿದರು. "ಅಕ್ಕಾರ, ಲೈಟ್ ಹತ್ಯಾವ್ರೀ!" ಎಂದು ಕೂಗಿ, ಕೇಳಿಸಲಿಲ್ಲವೆಂದು ಬೈಕು ತಿರುಗಿಸಿ ಬೆನ್ನುಹತ್ತಿ ಬಂದು ಹೇಳಿದವರೂ ಇದ್ದಾರೆ. ಮೊದಮೊದಲು ನಿಲ್ಲಿಸಿ, "ಗೊತ್ತೈತ್ರಿ, ಬಂದ್ ಆಗವಲ್ಲವು" ಎಂದು ವಿವರಿಸುತ್ತಿದ್ದೆ. ಆಮೇಲೆ ಅವರ ಹಾಗೆಯೇ ಕೈ ಬಿಚ್ಚಿ ಮುಚ್ಚಿ ತೋರಿಸುತ್ತ ಹೋಗತೊಡಗಿದೆ. ಊರವರು ಅದನ್ನು ಹೊಸ ನಮಸ್ಕಾರವೆಂದು ತಿಳಿದರು.

ಆದರೂ ಇದು ನನ್ನೊಬ್ಬಳ ಕಿರಿಕಿರಿಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ವಿಷಯ ನಮ್ಮ ಅತ್ತೆಯದು. ನಮ್ಮ ಮನೆಯವರ ತಾಯಿ, ಹೆಸರು ನೀಲವ್ವ. ಹಿಂದಿನ ವರ್ಷ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಶಸ್ತ್ರಕ್ರಿಯೆಯಾಯಿತು, ಎಲುಬು ಕೂಡಿತು, ಕೋಲು ಹಿಡಿದು ಮನೆಯೊಳಗೆ ತಿರುಗಾಡುವಷ್ಟು ಆದರು. ಆದರೆ ಪಡಸಾಲೆ ದಾಟಿ ಕೆಳಗೆ ಇಳಿಯಲಿಲ್ಲ. ಎಲುಬು ಕೂಡಿಸಲು ಡಾಕ್ಟರರಿಗೆ ಬರುತ್ತದೆ. ಮುರಿದ ಧೈರ್ಯ ಕೂಡಿಸಲು ನಾನು ನನಗೆ ಗೊತ್ತಿದ್ದ ವಾರ್ಡಿನ ಉಪಾಯಗಳನ್ನೆಲ್ಲ ಮಾಡಿ ಸೋತಿದ್ದೆ. ಅಷ್ಟರಲ್ಲಿ ಅಗರಖೇಡದಿಂದ ಅತ್ತೆಯ ತಂಗಿ ಕಾಶವ್ವ ಫೋನು ಮಾಡಿದರು. ಮೊಮ್ಮಗಳು ಹೆತ್ತಿದ್ದಾಳೆ, ತೊಟ್ಟಿಲ ಕಾರ್ಯ ಇದೆ, ಕೂಸಿನ ಕಿವಿಯಲ್ಲಿ ಹೆಸರು ಹೇಳಲು ಅಕ್ಕನೇ ಬರಬೇಕು ಎಂದರು. ಅತ್ತೆ ಮರುದಿನ, "ಶಾಂತಾ, ನಿನ್ನ ಗಾಡ್ಯಾಗ ನನಗ ಕುಂದ್ರಾಕ ಬರತೈತೇನ?" ಎಂದು ಕೇಳಿದರು. ನನಗೆ ಚಹಾದಲ್ಲಿ ಸಕ್ಕರೆ ಹಾಕಿದೆನೋ ಇಲ್ಲವೋ ಮರೆತುಹೋಯಿತು. ಕಾರನ್ನು ತಂದು ಕಟ್ಟೆಯ ಮುಂದೆ ನಿಲ್ಲಿಸಿ ತೋರಿಸಿದೆ. ದೀಪಗಳು ಭಗ್ಗನೆ ಹತ್ತಿಕೊಂಡವು. ಅತ್ತೆಯ ಮುಖ ಬಾಡಿತು.

"ಹಗಲೊತ್ತು ದೀಪಾ ಹಚಿಗೊಂಡು ಹೋಗು ಗಾಡಿ ಒಂದ ಐತಿ. ಅದರಾಗ ನಾ ಒಮ್ಮೆ ಮಲಗಿ ಹೋಗಿ ಬಂದೇನಿ. ಸಾಕವ್ವ."

ಆಂಬುಲೆನ್ಸಿನ ಮಾತು ಅದು. "ಅತ್ತಿ, ಇದು ಆಂಬುಲೆನ್ಸ್ ಅಲ್ಲ, ನನ್ನ ಕಾರು" ಎಂದೆ.

"ಓಡಸಾಕಿ ಸಿಸ್ಟರ್, ಕುಂದ್ರಾಕಿ ಪೇಷಂಟ್, ಮುಂದ ಹಗಲ ದೀಪ. ಮತ್ತೇನು ಕಡಿಮಿ ಐತಿ?"

ಬೇರೆ ಬಾಡಿಗೆ ಗಾಡಿ ಹೇಳೋಣವೆಂದು ನಮ್ಮ ಮನೆಯವರು ಅಂದರೆ ಅದಕ್ಕೂ ಒಪ್ಪಲಿಲ್ಲ. ಮನೆ ಮುಂದೆ ಸೊಸೆಯ ಗಾಡಿ ನಿಂತಿರುವಾಗ ಮಂದಿಯ ಗಾಡಿಯಲ್ಲಿ ಹೋದರೆ ಅಗರಖೇಡದಲ್ಲಿ ತಂಗಿ ಏನನ್ನಬೇಕು? ನನಗೆ ಮಾತ್ರ ಒಳಗೊಳಗೆ ಬೇರೆಯೇ ಹೆದರಿಕೆ. ದೀಪ ಒಂದು ನೆಪವಾಗಿದ್ದು, ದೀಪ ಆರಿದ ಮೇಲೆ ಮತ್ತೊಂದು ನೆಪ ಹುಟ್ಟಿದರೆ? ಈ ಸಲ ಇಳಿಯದಿದ್ದರೆ ಆಕೆ ಇನ್ನೆಂದೂ ಆ ಮೆಟ್ಟಿಲು ಇಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಂಥ ರೋಗಿಗಳನ್ನು ನೋಡಿದ್ದೇನೆ. ಆದ್ದರಿಂದ ತೊಟ್ಟಿಲ ದಿನದೊಳಗೆ ದೀಪ ಆರಲೇಬೇಕಿತ್ತು.

ಮೊದಲು ನಾವೇ ಕೈಹಾಕಿದೆವು. ಫೋನಿನಲ್ಲಿ ವಿಡಿಯೋ ಹಾಕಿ ನೋಡಿದರೆ ಒಬ್ಬ ಗಡ್ಡದವನು ಹಿಂದಿಯಲ್ಲಿ, ಈ ಗುಂಡಿ ಒತ್ತಿ ಹಿಡಿಯಿರಿ, ಆ ಗುಂಡಿ ಬಿಡಿ ಎಂದು ಹೇಳುತ್ತಿದ್ದ. ನಾನು ಒತ್ತಿ ಹಿಡಿದೆ, ಬಿಟ್ಟೆ. ದೀಪ ಹಾಗೆಯೇ ಇತ್ತು. ಒಣಗಿದ ಗಾಜಿನ ಮೇಲೆ ವೈಪರುಗಳು ಕುಣಿಯತೊಡಗಿದವು. ಅವನ್ನು ನಿಲ್ಲಿಸಲು ಇನ್ನೊಂದು ವಿಡಿಯೋ ನೋಡಬೇಕಾಯಿತು. ಆಮೇಲೆ ನಮ್ಮ ಮನೆಯವರು ಫ್ಯೂಜು ಕೀಳೋಣವೆಂದರು. ಹೊಲದ ಮೋಟರಿನ ಫ್ಯೂಜು ಕಿತ್ತು ಹಾಕಿದ ಅನುಭವದ ಮೇಲೆ ಅವರಿಗೆ ಬಹಳ ಭರವಸೆ. ಬಾನೆಟ್ಟಿನ ಒಳಗಿನ ಡಬ್ಬಿ ತೆರೆದರೆ ಬಣ್ಣಬಣ್ಣದ ಗುಳಿಗೆಗಳ ಹಾಗೆ ಸಾಲಾಗಿ ಕೂತಿದ್ದವು. ನೋಡಿದ ಕೂಡಲೇ ನನಗೆ ಅದರ ಮೇಲೆ ಗೌರವ ಬಂತು, ಅಷ್ಟು ಅಚ್ಚುಕಟ್ಟು. ಒಂದೊಂದಾಗಿ ಕಿತ್ತೆವು. ಒಂದಕ್ಕೆ ರೇಡಿಯೋ ಹೋಯಿತು. ಇನ್ನೊಂದಕ್ಕೆ ಎಡಗಡೆಯ ಗಾಜು ಇಳಿದದ್ದು ಏರಲಿಲ್ಲ. ಮತ್ತೊಂದಕ್ಕೆ ಏನು ಹೋಯಿತೆಂದು ಇವತ್ತಿನವರೆಗೂ ಗೊತ್ತಾಗಿಲ್ಲ. "ಹೆಡ್ ಲೈಟಿನದು ಇದ ಇರಬೇಕು" ಎಂದು ಅವರು ಕೀಳುವುದು, "ಅಲ್ಲರಿ" ಎಂದು ನಾನು ಹೇಳುವುದು. ಸಾಕಾಗಿ ಎಲ್ಲವನ್ನೂ ತಿರುಗಿ ಕೂರಿಸಿ, ಡಬ್ಬಿ ಮುಚ್ಚಿ, ಕೈ ತೊಳೆದುಕೊಂಡೆವು.

ಕೊನೆಗೆ ಪರಶುರಾಮನಿಗೆ ಹೇಳಿ ಕಳಿಸಿದೆ. ಬಸ್ ಸ್ಟ್ಯಾಂಡಿನ ಹಿಂದೆ ಗಾಡಿಗಳ ಎಲೆಕ್ಟ್ರಿಕ್ ಕೆಲಸ ಮಾಡುವವನು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವನು ಬಂದಾಗ ನಾನು ಸ್ನಾನಕ್ಕೆ ಹೋಗಿದ್ದೆ. ನನ್ನ ಸ್ನಾನದ ಹೊತ್ತು ನನ್ನ ಸ್ನಾನದ ಹೊತ್ತೇ; ಅದಕ್ಕೆ ಬದಲಾವಣೆ ಇಲ್ಲ. ಪಡಸಾಲೆಯಲ್ಲಿ ಕೂತಿದ್ದ ಅತ್ತೆಯೇ ಅವನಿಗೆ ಕೆಲಸ ಹೇಳಿ, ಚಾವಿ ಕೊಟ್ಟು ಕಳಿಸಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು. ನಾನು ಮೇಲೆ 'ದೀಪ ಆರಿಸಿದೆ', 'ದೀಪ ಆರಬೇಕು' ಎಂದು ಸಲೀಸಾಗಿ ಬರೆದುಬಿಟ್ಟೆ. ನಮ್ಮ ಅತ್ತೆಯ ಮುಂದೆ ಹಾಗೆ ಅಂದರೆ ಮುಗಿಯಿತು. ಮನೆಯ ದೀಪಕ್ಕೆ ಆ ಮಾತು ಆಡಬಾರದು. ನಂದಿಸು ಅನ್ನಬಾರದು, ಕಳೆ ಅನ್ನಬಾರದು. ನಮ್ಮ ಕಡೆಯ ಹಿರಿಯರು ದೀಪ ಆರಿಸುವುದಕ್ಕೆ 'ದೀಪ ದೊಡ್ಡದು ಮಾಡು' ಅನ್ನುತ್ತಾರೆ. ನಾನು ಹೊಸದಾಗಿ ಮದುವೆಯಾಗಿ ಬಂದ ದಿನಗಳಲ್ಲಿ ಅತ್ತೆ ಮಲಗುವ ಮುಂದೆ, "ದೀಪಾ ದೊಡ್ಡದು ಮಾಡವ್ವ" ಎಂದರೆ ನಾನು ಬತ್ತಿ ಏರಿಸಿ, ಎಣ್ಣೆ ಹಾಕಿ ಬಂದು ಮಲಗಿದ್ದೆ. ನನ್ನ ತವರಿನಲ್ಲಿ ಇಷ್ಟು ನಯವಾಗಿ ಮಾತಾಡುವವರು ಇರಲಿಲ್ಲ. ಕ್ರಮೇಣ ಕಲಿತೆ. ಪರಶುರಾಮನಿಗೆ ಕಲಿಯಲು ಯಾರ ಮನೆಯ ದೀಪ ಸಿಕ್ಕಿತ್ತು? ಅವನು ಹುಟ್ಟಿದ್ದು ಗುಂಡಿ ಒತ್ತುವ ಕಾಲದಲ್ಲಿ.

ಸಂಜೆ ನಮ್ಮ ಓಣಿಗೆ ಎರಡು ಸೂರ್ಯ ಬಂದವು. ಎದುರು ಮನೆಯ ಗೋಡೆಯ ಬಿರುಕುಗಳೆಲ್ಲ ಎಣಿಸುವಂತೆ ಕಂಡವು. ದಾರಿಯಲ್ಲಿ ಮೆಲುಕು ಹಾಕುತ್ತ ನಿಂತಿದ್ದ ಎಮ್ಮೆ ಮೆಲುಕು ನಿಲ್ಲಿಸಿತು. ಆ ಬೆಳಕಿನ ಹಿಂದಿನಿಂದ ಪರಶುರಾಮ ಇಳಿದು ಬಂದು, ಬಹುಮಾನ ಕೊಡಲು ಬಂದವನ ಹಾಗೆ ನಿಂತ.

"ನೋಡ್ರಿ ಆಯಿ! ಇಡೀ ಸಿಂದಗ್ಯಾಗ ಇದಕ್ಕಿಂತ ದೊಡ್ಡವು ಯಾರವೂ ಇಲ್ಲ."

ಅತ್ತೆ ಸೆರಗನ್ನು ಕಣ್ಣಿಗೆ ಅಡ್ಡ ಹಿಡಿದರು. "ಏನಪಾ ಇದು? ನಾ ದೊಡ್ಡವು ಮಾಡು ಅಂದ್ರ ನೀ ಹಚಿಗೊಂಡು ಬಂದಿಯಲ್ಲೋ!"

"ಹಚ್ಚಲಾರದ ದೊಡ್ಡವು ಆಗ್ಯಾವೋ ಇಲ್ಲೋ ಹೆಂಗ ಗೊತ್ತಾಗಬೇಕು ಆಯಿ?"

"ದೊಡ್ಡದು ಮಾಡಿದ ಮ್ಯಾಲ ಬೆಳಕು ಎಲ್ಲಿಂದ ಬರತೈತಿ?"

ಪರಶುರಾಮ ನನ್ನ ಕಡೆಗೆ ತಿರುಗಿ ದನಿ ತಗ್ಗಿಸಿದ. "ಸಿಸ್ಟರ್, ಇವರಿಗೆ ಇನ್ನೂ ದೊಡ್ಡವು ಬೇಕೇನ್ರಿ?"

"ಹೌದು! ಪೂರಾ ದೊಡ್ಡವು ಮಾಡು!" ಅತ್ತೆಯ ಕಿವಿ ಇನ್ನೂ ಚೆನ್ನಾಗಿದೆ.

"ಇದಕ್ಕಿಂತ ದೊಡ್ಡವು ಹಾಕಿದ್ರ ಬ್ಯಾಟರಿ ತಡಿಯಂಗಿಲ್ಲ ಆಯಿ. ಲಾರಿ ಬ್ಯಾಟರಿ ಕುಂದ್ರಸಬೇಕಾಗತೈತಿ."

"ಹಾಕಬ್ಯಾಡೋ ಮಾರಾಯ, ಮಾಡು! ದೊಡ್ಡದು ಮಾಡು!"

"ಮಾಡೇನಲ್ರೀ!"

ನಮ್ಮ ಮನೆಯವರ ಮುಖದ ಮುಂದೆ ಇದ್ದ ಪೇಪರು ಗಡಗಡ ನಡುಗುತ್ತಿತ್ತು. ಇವರಿಬ್ಬರನ್ನೂ ಬಿಟ್ಟರೆ ಬೆಳಗಿನ ತನಕ ಹೀಗೆಯೇ ನಡೆಯುತ್ತಿತ್ತು. ಅತ್ತೆ ಪ್ರಾಣ ಹೋದರೂ ಆ ಇನ್ನೊಂದು ಮಾತನ್ನು ಆಡುವವರಲ್ಲ. ನಾನು ನಡುವೆ ಹೋಗಿ, "ಪರಶುರಾಮ, ಅವರು ಆಫ್ ಮಾಡು ಅನ್ನಾಕತ್ತಾರ" ಎಂದೆ. ಇಂಗ್ಲಿಷಿನಲ್ಲಿ ಅಂದರೆ ಅಪಶಕುನವಿಲ್ಲ, ಅದನ್ನು ಅತ್ತೆಯೇ ಎಂದೋ ತೀರ್ಮಾನಿಸಿದ್ದಾರೆ. ಪರಶುರಾಮ ಬಾಯಿ ತೆರೆದುಕೊಂಡು ನಿಂತ. ಮೂರು ಸಲ ಅತ್ತೆಯನ್ನೂ ದೀಪವನ್ನೂ ನೋಡಿದ. "ಹಂಗಾದ್ರ ದೊಡ್ಡದು ಮಾಡಬೇಕಂದ್ರ ನೀವು ಏನಂತೀರಿ ಆಯಿ?" ಎಂದು ಕೇಳಿದ.  ಮರುದಿನ ಅವನು ಹಳೆಯ ಬಲ್ಬುಗಳನ್ನು ತಿರುಗಿ ಹಾಕಿ, ಒಂದಷ್ಟು ವೈರು ಎಳೆದು ನೋಡಿ, ಇದರ ತಲೆಯೊಳಗಿನ ಕಂಪ್ಯೂಟರೇ ಕೆಟ್ಟಿರಬೇಕು, ವಿಜಯಪುರಕ್ಕೆ ಒಯ್ಯಬೇಕು ಎಂದು ಹೇಳಿ ಹೋದ. ತೊಟ್ಟಿಲಿಗೆ ಉಳಿದಿದ್ದುದು ಎರಡೇ ದಿನ.

ಅದರ ಮರುದಿನ ಸೋಮವಾರ. ಸೋಮವಾರ ನಮ್ಮ ಮನೆಯಲ್ಲಿ ಹೊದಿಕೆಗಳ ಒಗೆತ. ಪ್ರಪಂಚ ಮುಳುಗಿದರೂ ಅದು ತಪ್ಪುವುದಿಲ್ಲ. ಮಿಕ್ಸರಿನಿಂದ ಹಿಡಿದು ಕಾರಿನವರೆಗೆ ಎಲ್ಲದರ ಮೈಮೇಲಿನದನ್ನು ತೆಗೆದು ನೆನೆಸಿಟ್ಟು, ಒಗೆತದ ದಿನ ಎಂದೂ ಹೊರಗೆ ತೆಗೆಯದ ಕಾರನ್ನು ಅವತ್ತು ತರಕಾರಿಗೆಂದು ತೆಗೆದು ಬಜಾರಕ್ಕೆ ಹೋದೆ. ಹೋಗುವಾಗ ಯಾರೂ ಕೈ ಮಾಡಲಿಲ್ಲ. ಬರುವಾಗಲೂ ಮಾಡಲಿಲ್ಲ. ಒಂದು ಕ್ಷಣ ನನಗೆ ಬೇಸರವೇ ಆಯಿತು, ಊರು ನನ್ನನ್ನು ಇಷ್ಟು ಬೇಗ ಮರೆಯಿತೇ ಎಂದು. ಮನೆಯ ಮುಂದೆ ನಿಲ್ಲಿಸಿ ಇಳಿದು ನೋಡಿದರೆ ದೀಪ ಇಲ್ಲ! ನಾವಿಬ್ಬರೂ ಸುತ್ತ ನಿಂತೆವು, ಅತ್ತೆ ಪಡಸಾಲೆಯಿಂದಲೇ ಕತ್ತು ಚಾಚಿದರು. ನಮ್ಮ ಮನೆಯವರು, ತಾವು ಕೊನೆಯಲ್ಲಿ ಒತ್ತಿ ಕೂರಿಸಿದ ಹಳದಿ ಫ್ಯೂಜಿನ ಪ್ರತಾಪ ಎಂದರು. ಪರಶುರಾಮನಿಗೆ ಫೋನು ಮಾಡಿದರೆ, "ನಾ ವೈರು ಎಳದ ರೀತಿ ಹಂಗ ಇರತೈತ್ರಿ, ಒಂದು ದಿನಾ ಬಿಟ್ಟು ಕೆಲಸಾ ಮಾಡತೈತಿ" ಎಂದ. ಅತ್ತೆ, ದೇವರಿಗೆ ಹೇಳಿಕೊಂಡಿದ್ದೆ ಎಂದರು. ನಾನು ಯಾರಿಗೂ ಹೇಳಲಿಲ್ಲ, ಆದರೆ ಹಿಂದಿನ ದಿನ ಕಾರಿನ ಪಕ್ಕ ನಿಂತು ವಾರ್ಡಿನ ದನಿಯಲ್ಲಿ ಅದನ್ನು ಚೆನ್ನಾಗಿ ಬೈದಿದ್ದೆ. ಅದರ ಫಲವೆಂದೇ ನನ್ನ ನಂಬಿಕೆಯಾಗಿತ್ತು.

ಮರುದಿನವೇ ತೊಟ್ಟಿಲು. ಅತ್ತೆ ಬೆಳಗಾಗುವುದರೊಳಗೆ ಇಳಕಲ್ ಸೀರೆ ಉಟ್ಟು, ಕೂಸಿಗೆ ಹೊಲಿದ ಕುಲಾಯಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ನಾನು ಶುಭಕಾರ್ಯಕ್ಕೆ ಹೊರಟ ಗಾಡಿಯೆಂದು ಕಾರನ್ನು ತೊಳೆದು, ಗಂಜಿ ಹಾಕಿ ಇಸ್ತ್ರಿ ಮಾಡಿದ ಕಸೂತಿಯ ಹಾಸನ್ನು ಒಂದು ಸುಕ್ಕೂ ಇಲ್ಲದಂತೆ ಹಾಸಿ, ಚಾಲೂ ಮಾಡಿ ಕಟ್ಟೆಯ ಮುಂದೆ ತಂದೆ. ಅತ್ತೆ ಕೋಲು ಹಿಡಿದು ಎದ್ದು ನಿಂತರು. ದೀಪಗಳು ಭಗ್ಗನೆ ಹತ್ತಿಕೊಂಡವು. ಅತ್ತೆ ಕೂತುಬಿಟ್ಟರು.

 ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಅಗರಖೇಡದ್ದೇ ಎಂದು ನಮಗೆಲ್ಲ ಗೊತ್ತಿತ್ತು. "ಏನ ಹೇಳ್ಲಿ?" ಎಂದು ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಕೇಳಿದರು. ಅತ್ತೆ ಸೀರೆಯ ನಿರಿಗೆಗಳನ್ನು ಸರಿಮಾಡುತ್ತ ಕಾರನ್ನೇ ನೋಡುತ್ತಿದ್ದರು. ಒಂದು ವರ್ಷದಿಂದ ಪಡಸಾಲೆಯಲ್ಲಿ ಕೂತು ಓಣಿಯನ್ನು ನೋಡುವುದೇ ಆಕೆಯ ಕೆಲಸ. ಯಾರ ಮನೆಗೆ ಯಾರು ಬಂದರು, ಯಾರ ಆಕಳು ಯಾವ ಹೊತ್ತಿಗೆ ಹಾಯ್ದಿತು, ಯಾವ ಬಾಗಿಲಿಗೆ ಹೊಸ ಬಣ್ಣ ಬಂತು, ಆಕೆಯ ಕಣ್ಣು ತಪ್ಪಿಸಿ ಏನೂ ಆಗುವುದಿಲ್ಲ.

"ಶಾಂತಾ," ಎಂದರು. "ನಿನ್ನಿ ಇದು ಬರಿಮೈಲೆ ಇತ್ತು."

"ಯಾವುದು ಅತ್ತಿ?"

"ಗಾಡಿ. ನಿನ್ನಿ ಇದರ ಎದಿ ಮ್ಯಾಲ ಅರಿವಿ ಇರಲಿಲ್ಲ. ದೀಪಾನೂ ಇರಲಿಲ್ಲ. ಇವತ್ತ ಅರಿವಿ ಬಂತು, ದೀಪಾ ಬಂತು."

ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಎದ್ದರು. ಕೋಲು ಊರಿ ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು. ನನ್ನ ಕೈ ಹಿಡಿಯಲಿಲ್ಲ, ನಾನು ಚಾಚಿದ್ದನ್ನು ನೋಡಲೂ ಇಲ್ಲ. ಕಾರಿನ ಬಾಗಿಲು ತೆಗೆದು, ಮುಂದಿನ ಸೀಟಿನಲ್ಲಿ ಕೂತು, ಕಾಲುಗಳನ್ನು ಒಂದೊಂದಾಗಿ ಒಳಗೆ ಎತ್ತಿಟ್ಟುಕೊಂಡು, ನನ್ನ ಗೋಪುರ, ಆನೆ, ನವಿಲುಗಳನ್ನು ಒಂದೇ ಎಳೆತಕ್ಕೆ ಎಳೆದು ಹಾಕಿದರು. ಆ ಕರಿಯ ಹಲಗೆಯ ಮೇಲೆ, ಗಾಜಿನ ಬುಡದಲ್ಲಿ, ಕಡಲೆಕಾಳಿನಷ್ಟು ದೊಡ್ಡದಾದ ಒಂದು ಗುಂಡನೆಯ ಬೊಟ್ಟು. ಒಂದು ಉಸಿರು ಬಿಡುವಷ್ಟರಲ್ಲಿ ದೀಪಗಳು ತಾವಾಗಿಯೇ ಆರಿದವು.

"ಹೋತ್!" ಎಂದು ಕಾರಿನ ಮುಂದೆ ನಿಂತಿದ್ದ ನಮ್ಮ ಮನೆಯವರು ಕೂಗಿದರು.

ಅತ್ತೆ ಹಾಸನ್ನು ಮತ್ತೆ ಮುಚ್ಚಿದರು. "ಈಗ?"

"ಹತ್ತಿತು!"

ತೆಗೆದರು. "ಹೋತ್!" ಮುಚ್ಚಿದರು. "ಹತ್ತಿತು!" ತೆಗೆಯುವಾಗ ಅತ್ತೆ "ಬೆಳಗಾತು" ಅನ್ನುತ್ತಿದ್ದರು, ಮುಚ್ಚುವಾಗ "ರಾತ್ರಿ ಆತು". ನಮ್ಮ ಓಣಿಯಲ್ಲಿ ಅವತ್ತು ಹತ್ತು ನಿಮಿಷದಲ್ಲಿ ಎಷ್ಟು ದಿನಗಳು ಕಳೆದವೋ ಲೆಕ್ಕವಿಲ್ಲ. ಬೆಳಕಿದೆಯೋ ಇಲ್ಲವೋ ಎಂದು ಗಾಡಿ ನೋಡಿ ತಿಳಿಯುವ ಕಣ್ಣು ಆ ಬೊಟ್ಟು. ನಾನು ಅದರ ಮೇಲೆ ದಪ್ಪ ಬಟ್ಟೆಯನ್ನು ಗಂಜಿ ಹಾಕಿ ಹಾಸಿದ್ದೆ. ಪಾಪ, ಅದು ಕತ್ತಲಾಯಿತೆಂದು ದೀಪ ಹಚ್ಚಿಕೊಂಡು, ತನ್ನ ಕೆಲಸವನ್ನು ನಿಯತ್ತಿನಿಂದ ಮಾಡುತ್ತಿತ್ತು.

"ನೀನ ಅದರ ಕಣ್ಣಿಗೆ ಅರಿವಿ ಕಟ್ಟಿದಿ," ಅತ್ತೆಯ ದನಿಯಲ್ಲಿ ಒಂದು ವರ್ಷದಿಂದ ಕೇಳದ ಹುರುಪು. "ಕಾಣವಲ್ಲದು ಅಂತ ಅದು ದೀಪಾ ಹಚಿಗೊಂಡ್ರ, ಅದಕ್ಕ ತಲಿ ಕೆಟ್ಟೈತಿ ಅಂದ್ರಿ. ಕೈಗೆ ಸಿಕ್ಕಿದ್ದಕ್ಕೆಲ್ಲಾ ಹೊದಿಸು ಚಟಾ ನಿನಗ. ನನಗೂ ಕಂಬಳಿ ಹೊದಿಸಿ ಹೊದಿಸಿ ಕುಂದ್ರಿಸಿಟ್ಟಿ."

 ಆಕೆ ಕಾರಿನೊಳಗೆ ಕೂತಿದ್ದಾರೆ ಎಂಬುದು ಆಕೆಗೆ ಇನ್ನೂ ಹೊಳೆದಿರಲಿಲ್ಲ. ರೋಗಿ ಮೊದಲ ಸಲ ಆಸರೆಯಿಲ್ಲದೆ ನಡೆದಾಗ ಹೊಗಳಬಾರದು, ನೋಡಿಯೂ ನೋಡದ ಹಾಗೆ ಇರಬೇಕು. ನಾನು ಕೆಳಗೆ ಬಿದ್ದಿದ್ದ ಹಾಸನ್ನು ಮಡಿಸುತ್ತ, ಮೂಲೆಗೆ ಮೂಲೆ ಕೂಡಿಸುತ್ತ ನಿಂತೆ. ಮಡಿಕೆ ನೆಟ್ಟಗೆ ಬರಲಿಲ್ಲ. ಅತ್ತೆ ಅತ್ತಿತ್ತ ನೋಡಿದರು, ಸೀಟನ್ನು ಅಂಗೈಯಿಂದ ಮುಟ್ಟಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ನಿಂತು ಏನ ನೋಡತಿ? ಆ ಜ್ವಾಳದ ಚೀಲಕ್ಕ ಕಟ್ಟಿದಂಗ ನನಗೂ ಪಟ್ಟಾ ಕಟ್ಟು. ಕಾಶವ್ವ ಕಾಯಾಕತ್ತಿರತಾಳ."

ಇಂಡಿಯ ದಾರಿಯಲ್ಲಿ ಆಕೆ ಬಾಯಿ ಮುಚ್ಚಲಿಲ್ಲ. ಯಾರ ಹೊಲದಲ್ಲಿ ತೊಗರಿ ಚೆನ್ನಾಗಿದೆ, ಯಾರು ಲಿಂಬಿಯ ಗಿಡ ಹಚ್ಚಿದ್ದಾರೆ, ಯಾರು ಕಬ್ಬಿಗೆ ಬಿದ್ದಿದ್ದಾರೆ ಎಲ್ಲವನ್ನೂ ನೋಡಿ ನೋಡಿ ಹೇಳಿದರು. ನಾವು ಅಗರಖೇಡ ಮುಟ್ಟುವಾಗ ಹೆಂಗಸರು ತೊಟ್ಟಿಲಿನ ಸುತ್ತ ಕೂತು ಹಾಡು ಮುಗಿಸಿ, ಮತ್ತೆ ಮೊದಲಿನಿಂದ ಹಾಡುತ್ತಿದ್ದರು. ಕಾಶವ್ವ ಬಾಗಿಲಿಗೆ ಓಡಿ ಬಂದು, "ಎಷ್ಟೊತ್ತವ್ವ ಅಕ್ಕಾ! ಹೆಸರಿಲ್ಲದ ಕೂಸು ಅತ್ತು ಅತ್ತು ಸಾಕಾತು" ಎಂದರು. "ಬರತಿದ್ನೆವ್ವಾ, ಗಾಡಿಗೆ ಬೆಳಗಾಗಿರಲಿಲ್ಲ" ಎಂದು ಅತ್ತೆ ಹೇಳಿದ್ದು ಆಕೆಗೆ ಅರ್ಥವಾಗಲಿಲ್ಲ, ಅರ್ಥವಾಗುವುದು ಬೇಕಾಗಿಯೂ ಇರಲಿಲ್ಲ. ಇಬ್ಬರೂ ಕೈ ಕೈ ಹಿಡಿದುಕೊಂಡು, ಯಾರು ಹೆಚ್ಚು ಮುದುಕಿಯಾಗಿದ್ದಾರೆ ಎಂದು ಜಗಳಾಡುತ್ತ ಒಳಗೆ ಹೋದರು. ಅತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ನಾನು ಹಿಂದಿನಿಂದ ಸೊಂಟಕ್ಕೆ ಕೈ ಕೊಡಲು ಹೋದೆ. ಬೇಕಾಗಲಿಲ್ಲ.

ಇದಾಗಿ ಕೆಲವು ತಿಂಗಳಾದವು. ನೆಪಗಳ ಭಯ ನನಗಿತ್ತಲ್ಲ, ನೆಪಗಳೇನೋ ಹುಟ್ಟಿದವು, ಆದರೆ ಎಲ್ಲವೂ ಹೊರಗೆ ಹೋಗುವುದಕ್ಕೆ. ಬಸವನ ಬಾಗೇವಾಡಿಯ ಗುಡಿಗೆ ಹೋಗಿ ಎಷ್ಟು ದಿನವಾಯಿತು ಎಂದರು, ಹೋಗಿ ಬಂದೆವು. ಯಂಕಂಚಿಯಲ್ಲಿ ಜೋಳದ ಎಳೆ ತೆನೆ ಸುಟ್ಟು ಸೀತನಿ ಮಾಡುತ್ತಿದ್ದಾರಂತೆ ಎಂದರು, ಹೊಲದ ಬದುವಿನವರೆಗೆ ಕಾರು ಒಯ್ದು ನಿಲ್ಲಿಸಿದೆ. ಮೋರಟಗಿಯಲ್ಲಿ ಹಳೆಯ ಗೆಳತಿಯೊಬ್ಬಳು ಇದ್ದಾಳಂತೆ. ಮೊನ್ನೆಯವರೆಗೆ ಆಕೆಯ ಹೆಸರೇ ನಾವು ಕೇಳಿರಲಿಲ್ಲ. ನನ್ನ ಊಟದ ಹೊತ್ತು, ಒಗೆತದ ವಾರ, ಮಧ್ಯಾಹ್ನದ ಅಡ್ಡಾಗುವಿಕೆ ಎಲ್ಲವೂ ಈಗ ಆಕೆಯ ಸವಾರಿಯ ಅನುಕೂಲಕ್ಕೆ ತಕ್ಕಂತೆ ಹಿಂದೆ ಮುಂದೆ ಸರಿಯುತ್ತವೆ. ನೌಕರಿಯಲ್ಲಿದ್ದಷ್ಟು ಕಾಲ ಒಂದು ದಿನವೂ ಡ್ಯೂಟಿಗೆ ತಡ ಮಾಡಿದವಳಲ್ಲ ನಾನು. ಈಗ ನಮ್ಮ ಓಣಿಯಲ್ಲಿ, "ಸಿಸ್ಟರ್ ಬಾಯಿ ಯಾವಾಗಲೂ ಲೇಟ್" ಎಂಬ ಹೆಸರು ಬಂದಿದೆ. ಆ ಹೆಸರು ಹಬ್ಬಿಸಿದವರು ಯಾರೆಂದು ಹೇಳಬೇಕಾಗಿಲ್ಲ. ಇದನ್ನು ಬರೆಯುತ್ತಿರುವ ಈ ಹೊತ್ತಿಗೂ ಆಕೆ ಹೊರಗೆ ಕಾರಿನಲ್ಲಿ ಕೂತು, ಪಟ್ಟಾ ತಾವೇ ಕಟ್ಟಿಕೊಂಡು, ಕೋಲಿನ ತುದಿಯಿಂದ ಸ್ಟಿಯರಿಂಗಿನ ನಡುವೆ ಒತ್ತಿ ಹಾರ್ನ್ ಹೊಡೆಯುತ್ತಿದ್ದಾರೆ. ಎಲ್ಲಿಗೆ ಹೋಗಬೇಕೆಂದು ನನಗೆ ಇನ್ನೂ ಹೇಳಿಲ್ಲ. ಓಣಿಯವರೆಲ್ಲ ಹೊರಗೆ ಬಂದು ನಿಂತಿದ್ದಾರೆ, ನಾನಿನ್ನೂ ತಲೆ ಬಾಚಿಕೊಂಡಿಲ್ಲ.